ಮೀಟರಿಗೆ ಪಾಷಾಣ ಕಾಣುವುದಿಲ್ಲ

ಪ್ರಶ್ನೆ: ಮೇಡಂ, ನಮ್ಮದು ಲಿಂಗಸುಗೂರು ತಾಲ್ಲೂಕಿನ ಹಳ್ಳಿ. ಅಳಿಯ ಟಿಡಿಎಸ್ ಮೀಟರ್ ತಂದು ಬೋರಿನ ನೀರಿಗೆ ಅದ್ದಿ, ‘400 ಐತಿ, ಕುಡೀಲಿಕ್ಕೆ ಅಡ್ಡಿಯಿಲ್ಲ’ ಅಂದ. ಮರುವಾರ ಕಾಲೇಜಿನ ಮಕ್ಕಳು ಕಿಟ್ ತಂದು ನೋಡಿದರೆ ಕಾಗದ ಹಳದಿಯಾಯಿತು, ಆರ್ಸೆನಿಕ್ (ಪಾಷಾಣ) ಇದೆ ಎಂದರು. ಯಾರನ್ನು ನಂಬೋಣ? ಕುದಿಸಿದರೆ ಹೋಗುತ್ತದೆಯೇ?

ಉತ್ತರ: ಅಳಿಯಂದಿರ ಮೀಟರ್ ಸುಳ್ಳು ಹೇಳಿಲ್ಲ. ನೀರಿನಲ್ಲಿ ಕರೆಂಟ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂದು ನೋಡಿ, ಅದರ ಮೇಲೆ ಉಪ್ಪಿನಂಶದ ಅಂದಾಜು ಹಾಕುತ್ತದೆ, ಅಷ್ಟೇ ಅದರ ಕೆಲಸ. 400 ಅಂದರೆ ಲೀಟರಿಗೆ 400 ಮಿಲಿಗ್ರಾಂ. ಆರ್ಸೆನಿಕ್‌ಗೆ ನಮ್ಮ ದೇಶದ ಮಿತಿ 0.01 ಮಿಲಿಗ್ರಾಂ. 40,000 ಕಾಳಿಗೆ ಒಂದು ಕಾಳು! ಜೋಳ ತೂಗುವ ಅಂಗಡಿ ತಕ್ಕಡಿಗೆ ಆ ಒಂದು ಕಾಳು ಎಲ್ಲಿ ತಿಳಿದೀತು?

ಮಕ್ಕಳ ಕಿಟ್ ನೋಡುವುದು ಬೇರೆಯದನ್ನೇ. ಸತುವಿನ ಪುಡಿ, ಆಮ್ಲ ಬಿದ್ದಾಗ ನೀರಿನ ಆರ್ಸೆನಿಕ್ ಆರ್ಸೀನ್ ಅನಿಲವಾಗಿ ಮೇಲೇಳುತ್ತದೆ. ಮುಚ್ಚಳದಲ್ಲಿ ಸಿಕ್ಕಿಸಿದ ಪಾದರಸದ ಲವಣದ ಕಾಗದ ಹಳದಿ, ಮತ್ತೂ ಹೆಚ್ಚಿದ್ದರೆ ಕಂದು. ಅನಿಲ ವಿಷ, ಬಾಟಲಿಗೆ ಮೂಗು ಹಿಡಿಯಬೇಡಿ. ಬಣ್ಣವನ್ನು ಹಗಲು ಬೆಳಕಿನಲ್ಲೇ ಹೋಲಿಸಬೇಕು. ನೀರು ಕೊಳೆತ ಮೊಟ್ಟೆಯ ನಾತ ಹೊಡೆಯುತ್ತಿದ್ದರೆ ಆ ಗಂಧಕವೂ ಕಾಗದದ ಬಣ್ಣ ತಿರುಗಿಸಬಲ್ಲದು. ನಿಮ್ಮ ತಾಲ್ಲೂಕಿನ ಹಟ್ಟಿ ಕಡೆಯ ಚಿನ್ನದ ಅದಿರಿನ ಜೊತೆ ಆರ್ಸೆನಿಕ್ ಇರುವ ಖನಿಜ ಇರುವುದು ಗೊತ್ತಿದ್ದದ್ದೇ. ಹಾಗಾಗಿ ಹಳದಿ ಬಂತೆಂದರೆ ಆ ಬೋರಿನ ನೀರು ಕುಡಿಯುವುದನ್ನು ನಿಲ್ಲಿಸಿ, ಆಮೇಲೆ ಲ್ಯಾಬಿಗೆ ಹೋಗಿ.

ಲ್ಯಾಬಿನ ಮಾತಿಗೆ ನನ್ನದೇ ಪೆದ್ದುತನ ಹೇಳುತ್ತೇನೆ. ರಾಯಚೂರಿನಲ್ಲಿ ಮೂವತ್ತು ವರ್ಷ ಕೆಮಿಸ್ಟ್ರಿ ಕಲಿಸಿದವಳು ನಾನು. ತವರಿನ ಬೋರಿನ ನೀರನ್ನು ಕೋಲಾ ಬಾಟಲಿಯಲ್ಲಿ ತಂದು ನಾಲ್ಕು ದಿನ ಅಡುಗೆಮನೆ ಕಟ್ಟೆಯ ಮೇಲೆ ಇಟ್ಟೆ. ತಳದಲ್ಲಿ ಕೆಂಪು ಗಸಿ ಕೂತಿತು. ಮೇಲಿನ ತಿಳಿ ಬಗ್ಗಿಸಿ ಕಳಿಸಿದೆ, ‘ದೋಷವಿಲ್ಲ’ ಎಂದು ವರದಿ ಬಂತು. ಕಬ್ಬಿಣದ ಆ ಗಸಿಯೇ ಆರ್ಸೆನಿಕ್ಕನ್ನು ತನ್ನ ಜೊತೆ ಎಳೆದುಕೊಂಡು ಕೂತಿತ್ತು! ಎರಡನೇ ಸಲ, ಗಸಿ ಕೂರದಂತೆ ಆಮ್ಲ ಹಾಕಿದ ಬಾಟಲಿಯಲ್ಲಿ ಕೊಟ್ಟಾಗ ಮಿತಿ ದಾಟಿತು. ನೀವು ಲ್ಯಾಬಿನವರ ಬಾಟಲಿಯನ್ನೇ ಕೇಳಿ ತನ್ನಿ, ಮೋಟರ್ ಹತ್ತು ನಿಮಿಷ ಓಡಿಸಿ ನೀರು ಹಿಡಿಯಿರಿ.

ನೀರು ಸವಳಾಗಿದ್ದರೆ ಅದನ್ನೂ ಹೇಳಿಬಿಡಿ. ಐಸಿಪಿ-ಎಂಎಸ್ ಎಂಬ ಯಂತ್ರ ನೀರನ್ನು ಆರ್ಗಾನ್ ಅನಿಲದ ಉರಿಯಲ್ಲಿ ಸುಟ್ಟು ಪರಮಾಣುಗಳನ್ನು ತೂಕದ ಮೇಲೆ ಗುರುತಿಸುತ್ತದೆ. ಆರ್ಸೆನಿಕ್ ತೂಕ 75. ಆರ್ಗಾನ್ 40, ಉಪ್ಪಿನ ಕ್ಲೋರಿನ್ 35: ಜೋಡಿ ಕಟ್ಟಿಕೊಂಡರೆ ಅದೂ 75. ಹೀಲಿಯಂ ಅನಿಲ ಹಾಯಿಸಿ ಆ ಕಳ್ಳ ಜೋಡಿಯನ್ನು ತಡೆಯುವ ದಾರಿ ಇದೆ. ನೀರು ಉಪ್ಪೆಂದು ಮೊದಲೇ ಗೊತ್ತಿದ್ದರೆ ಅವರಿಗೂ ಸಲೀಸು.

ಕುದಿಸುವುದು ಬೇಡವೇ ಬೇಡ. ನೀರು ಆವಿಯಾಗುತ್ತದೆ, ಪಾಷಾಣ ಪಾತ್ರೆಯಲ್ಲೇ ಉಳಿದು ಗಟ್ಟಿಯಾಗುತ್ತದೆ. ಅನ್ನಕ್ಕೂ ಆ ನೀರು ಬೇಡ, ಅಕ್ಕಿಯಲ್ಲೇ ಸ್ವಲ್ಪ ಇರಬಹುದು. ಅಕ್ಕಿಯ ಕಾಳಿನೊಳಗೆ ಆರ್ಸೆನಿಕ್ ಎಲ್ಲಿ ಕೂತಿದೆ ಎಂದು ಎಕ್ಸ್‌ರೇ ಕಿರಣದಿಂದ ಚುಕ್ಕಿ ಚುಕ್ಕಿಯಾಗಿ ನಕ್ಷೆ ತೆಗೆಯುತ್ತಾರೆ (ನಮ್ಮಲ್ಲಿ ಅಂಥ ಕಿರಣ ಕೊಡುವ ಇಂಡಸ್-2 ಯಂತ್ರ ಇಂದೋರಿನಲ್ಲಿದೆ). ಪಾಲಿಶ್ ಮಾಡದ ಅಕ್ಕಿಯಲ್ಲಿ ತೌಡಿನ ಪದರವೇ ಹೆಚ್ಚು ಹೊಳೆಯುತ್ತದೆ. ಒಳ್ಳೆಯ ನೀರು ಹೆಚ್ಚಿಟ್ಟು ಬೇಯಿಸಿ ಗಂಜಿ ಬಸಿದರೆ ಸ್ವಲ್ಪ ಇಳಿಯುತ್ತದೆ, ನಮ್ಮವ್ವ ಮಾಡುತ್ತಿದ್ದ ಹಾಗೆ.

ಪ್ರಶ್ನೆ: ಸಂಡೂರಿನ ನಮ್ಮ ಮನೆ ತುಂಬ ಕೆಂಪು ಧೂಳು. ಆನ್‌ಲೈನ್‌ನಲ್ಲಿ ತರಿಸಿದ ಗಾಳಿ ಮೀಟರ್ ಮಾತ್ರ ‘ಉತ್ತಮ’ ಅನ್ನುತ್ತದೆ. ಕೆಟ್ಟಿದೆಯೇ?

ಉತ್ತರ: ಇಲ್ಲ. ಅದರೊಳಗಿನ ಲೇಸರ್ ಹೊಗೆಯಂಥ ನುಣ್ಣನೆ ಕಣಗಳಿಗೆ ಹೇಳಿ ಮಾಡಿಸಿದ್ದು. ಲಾರಿ ಎಬ್ಬಿಸುವ ಅದಿರಿನ ಧೂಳು ದಪ್ಪ, ಬಹುಪಾಲು ಅದರ ಲೆಕ್ಕಕ್ಕೇ ಬರುವುದಿಲ್ಲ. ಪಿಎಂ10 (ದಪ್ಪ ಕಣಗಳೂ ಸೇರಿದ ಲೆಕ್ಕ) ಎಂದು ತೋರಿಸುವುದೂ ಅಗ್ಗದ ಮೀಟರುಗಳಲ್ಲಿ ಹೆಚ್ಚಾಗಿ ನುಣ್ಣನೆ ಕಣಗಳ ಲೆಕ್ಕದ ಗುಣಾಕಾರ. ಕಿಟಕಿಯ ಕಟ್ಟೆಯ ಮೇಲೆ ಬಿಳಿ ತಟ್ಟೆ ಇಟ್ಟು ಸಂಜೆಗೆ ನೋಡಿ, ಫೋಟೋ ತೆಗೆದಿಡಿ.