ಗಾಳಿ ಇಲ್ಲದ ನೀರಿನಲ್ಲಿ ಕೊಳೆಯುವುದು ಹೇಗೆ?

ಪ್ರಶ್ನೆ: ಮೇಡಂ, ನಾವು ಗದಗದ ಕಡೆಯವರು, 18 ವರ್ಷದಿಂದ ಗೋವಾದ ವಾಸ್ಕೋದಲ್ಲಿದ್ದೇವೆ. ಮಳೆಗಾಲದ ಕೊನೆಗೆ ಇಲ್ಲಿನ ಸಮುದ್ರದ ತಳದಲ್ಲಿ ಆಮ್ಲಜನಕವೇ ಇರುವುದಿಲ್ಲ ಎಂದು ಮಗಳು ಕಾಲೇಜಿನಲ್ಲಿ ಕೇಳಿ ಬಂದಳು. ಹಾಗಾದರೆ ಸತ್ತ ಪಾಚಿ, ಮೀನು ಅಲ್ಲಿ ಕೊಳೆಯುವುದಿಲ್ಲವೇ? ಅವುಗಳ ಇಂಗಾಲ ತಳದಲ್ಲೇ ಉಳಿದರೆ ಭೂಮಿಗೆ ಒಳ್ಳೆಯದೇ ಅಲ್ವಾ?

ಉತ್ತರ: ಮಗಳು ಕೇಳಿ ಬಂದದ್ದು ನಿಜ. ರಸಾಯನಶಾಸ್ತ್ರ ಕಲಿಸುತ್ತಿದ್ದಾಗ ಒಂದು ಸೆಪ್ಟೆಂಬರ್‌ನಲ್ಲಿ ವಿದ್ಯಾರ್ಥಿಗಳನ್ನು ಕರೆದುಕೊಂಡು ಕಾಂದೋಳಿಯಿಂದ ದೋಣಿಯಲ್ಲಿ ಹೋಗಿದ್ದೆ. ಸುಮಾರು 25 ಮೀಟರ್ ಆಳದಿಂದ ನೀರು ಎತ್ತಿ, ಬಾಟಲಿಗೆ ಮ್ಯಾಂಗನೀಸ್ ದ್ರಾವಣ, ಆಮೇಲೆ ಕ್ಷಾರದ ಅಯೋಡೈಡ್ ಹಾಕಿದೆವು. ಆಮ್ಲಜನಕ ಇದ್ದರೆ ತಳದಲ್ಲಿ ಕಂದು ಗಷ್ಟು ಕೂರಬೇಕು. ಮೇಲಿನ ನೀರಿನ ಬಾಟಲಿ ಕೂಡಲೇ ಕಂದಾಯಿತು. ತಳದ್ದು ಬೆಳ್ಳಗೇ ಉಳಿಯಿತು. ಲಂಗರಿಗೆ ಅಂಟಿದ ಕಪ್ಪು ಕೆಸರಿನಿಂದ ಕೊಳೆತ ಮೊಟ್ಟೆಯ ವಾಸನೆ.

ಆ ವಾಸನೆಯಲ್ಲೇ ನಿಮ್ಮ ಉತ್ತರ ಇದೆ. ಕೊಳೆಯುವುದು ನಿಲ್ಲುವುದಿಲ್ಲ, ಉಸಿರಾಡುವ ವಸ್ತು ಬದಲಾಗುತ್ತದೆ ಅಷ್ಟೇ. ಆಮ್ಲಜನಕ ಮುಗಿದ ಮೇಲೆ ಬ್ಯಾಕ್ಟೀರಿಯಾಗಳು ನೈಟ್ರೇಟ್ ಹಿಡಿಯುತ್ತವೆ. ಅದರಿಂದ ಸಿಗುವ ಶಕ್ತಿ ಹೆಚ್ಚುಕಡಿಮೆ ಆಮ್ಲಜನಕದಿಂದ ಸಿಗುವಷ್ಟೇ. ಅದೂ ಮುಗಿದರೆ ಸಲ್ಫೇಟ್. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸಲ್ಫೇಟ್ 2.5 ಗ್ರಾಂಗಿಂತ ಜಾಸ್ತಿ ಇರುತ್ತದೆ, ಆದರೆ ಅದರಿಂದ ಸಿಗುವ ಶಕ್ತಿ ತೀರಾ ಕಡಿಮೆ. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹುಟ್ಟುವುದು ಆಗಲೇ. ಯಾವುದನ್ನು ಉಸಿರಾಡಿದರೂ, ತಿಂದ ಇಂಗಾಲ ಹೊರಬರುವುದು ಬಹುಪಾಲು ಇಂಗಾಲದ ಡೈಆಕ್ಸೈಡ್ ಆಗಿಯೇ.

ಆದರೂ ನಿಮ್ಮ ಊಹೆಯಲ್ಲಿ ಅರ್ಧ ಸತ್ಯವಿದೆ. ಕರಾವಳಿಯಿಂದ ದೂರ, ಅರಬ್ಬೀ ಸಮುದ್ರದ ನಡುವೆ ಸುಮಾರು 150 ಮೀಟರ್‌ನಿಂದ 1000 ಮೀಟರ್ ಆಳದವರೆಗೆ ವರ್ಷವಿಡೀ ಆಮ್ಲಜನಕ ತೀರಾ ಕಡಿಮೆ. ಮೇಲಿಂದ ಉದುರುವ ಪಾಚಿಯ ಚೂರುಗಳನ್ನು ತಿನ್ನುವ ಸಣ್ಣ ಪ್ರಾಣಿಗಳು ಅಲ್ಲಿ ಕಡಿಮೆ. ಕಟ್ಟಿಗೆಯಂಥ ಗಟ್ಟಿ ವಸ್ತುವನ್ನು ಒಡೆಯಲು ಬೇಕಾದ ಕೆಲವು ಕಿಣ್ವಗಳಿಗೆ ಆಮ್ಲಜನಕವೇ ಬೇಕು. ಹಾಗಾಗಿ ಇಂಗಾಲದ ಸ್ವಲ್ಪ ಹೆಚ್ಚಿನ ಪಾಲು ಆಳಕ್ಕೆ ಇಳಿಯುತ್ತದೆ.

ಒಳ್ಳೆಯದು ಎನ್ನಲು ಮಾತ್ರ ನನಗೆ ಮನಸ್ಸಿಲ್ಲ. ನೈಟ್ರೇಟ್ ಪಾಚಿಯ ಗೊಬ್ಬರ. ಬ್ಯಾಕ್ಟೀರಿಯಾ ಅದನ್ನು ನೈಟ್ರೋಜನ್ ಅನಿಲ ಮಾಡಿಬಿಟ್ಟರೆ, ಇಂಗಾಲ ಹೀರುವ ಪಾಚಿಗೆ ಆಹಾರವೇ ಕಡಿಮೆ. ದಾರಿಯಲ್ಲಿ ನೈಟ್ರಸ್ ಆಕ್ಸೈಡ್ ಕೂಡ ಹುಟ್ಟುತ್ತದೆ. ಅದು ಭೂಮಿಯನ್ನು ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 270 ಪಟ್ಟು ಬಿಸಿ ಮಾಡಬಲ್ಲದು. ನಮ್ಮ ಪಶ್ಚಿಮ ಕರಾವಳಿಯ ನೀರಿನಲ್ಲಿ ಅದು ಎಷ್ಟೊಂದು ಸೇರುತ್ತದೆ ಎಂದು ದೋನಾಪಾವ್ಲಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ಎಸ್.ಡಬ್ಲ್ಯೂ.ಎ. ನಖ್ವಿ ಮತ್ತು ಜೊತೆಗಾರರು 2000ದಲ್ಲೇ ತೋರಿಸಿದರು. ಇಲ್ಲಿ ತಳದ ಆಮ್ಲಜನಕ ಮುಗಿಯುವುದು ಹೀಗೆ: ಮುಂಗಾರಿನಲ್ಲಿ ಆಮ್ಲಜನಕ ಕಡಿಮೆಯಿರುವ ಆಳದ ನೀರು ದಡದತ್ತ ಏರುತ್ತದೆ, ಮಳೆಯ ಸಿಹಿನೀರು ಮೇಲೆ ಮುಚ್ಚಳದಂತೆ ಕೂರುತ್ತದೆ. ಇದು ಹಳೆಯ ಸಹಜ ಕ್ರಮ. ಅದರ ಮೇಲೆ ಹೊಲಗಳ ಗೊಬ್ಬರ, ಊರುಗಳ ಕೊಳಚೆ ಸೇರುವುದು ನನಗೆ ಸಂಕಟ ತರುತ್ತದೆ.

ಮಗಳಿಗೆ ಆ ಬಾಟಲಿ ಪರೀಕ್ಷೆ ಮಾಡಲು ಹೇಳಿ, ಅದರ ಹೆಸರು ವಿಂಕ್ಲರ್ ವಿಧಾನ. ಪರಿಚಯದ ದೋಣಿಯವರ ಜೊತೆ ಹೋಗಲಿ, ಮೇಷ್ಟ್ರೂ ಜೊತೆಗಿರಲಿ. ಮೇ ತಿಂಗಳಲ್ಲಿ ಒಮ್ಮೆ, ಸೆಪ್ಟೆಂಬರ್‌ನಲ್ಲಿ ಒಮ್ಮೆ. ಬಾಟಲಿಯಲ್ಲಿ ಒಂದು ಗುಳ್ಳೆಯೂ ಉಳಿಯಬಾರದು. ದ್ರಾವಣಗಳನ್ನು ದೋಣಿಯಲ್ಲೇ ಹಾಕಬೇಕು, ದಡಕ್ಕೆ ಬರುವವರೆಗೆ ಕಾದರೆ ಗಾಳಿ ಸೇರಿಬಿಡುತ್ತದೆ.