ಡಿಸೈನ್ ಕಾಗದದ ಚೂರುಗಳಿಂದ ಕಾರ್ಡ್: ಮೊದಲು ಅಂಟಿಸಿ, ಆಮೇಲೆ ಕತ್ತರಿಸಿ

ಡಬ್ಬಿ ತುಂಬ ಡಿಸೈನ್ ಕಾಗದದ ಚೂರು ಉಳಿದಿದೆ, ಎಸೆಯಲು ಮನಸ್ಸಿಲ್ಲ, ಕಾರ್ಡ್ ಮಾಡಿದರೆ ಅಂಚು ಸೊಟ್ಟ, ಅಂಟು ಹಚ್ಚಿದ ಕಡೆ ಸುಕ್ಕು, ಒಟ್ಟಿಗೆ ನೋಡಿದರೆ ಗಿಜಿಗಿಜಿ ಅಂತ ಕೇಳಿದ್ದೀರಿ ಅಲ್ವಾ. ಫೋಟೋ ನೋಡಿದೆ. ನಿಮ್ಮ ಕೈ ಚೆನ್ನಾಗಿಯೇ ಇದೆ, ಕೆಲಸದ ಕ್ರಮ ಮಾತ್ರ ಹಿಂದುಮುಂದಾಗಿದೆ. ಒಂದೊಂದು ಚೂರನ್ನೂ ಅಳತೆಗೆ ಕತ್ತರಿಸಿ ಕಾರ್ಡ್ ಮೇಲೆ ನೇರವಾಗಿ ಅಂಟಿಸುತ್ತಿದ್ದೀರಿ. ಹಾಗೆ ಮಾಡಿದರೆ ಯಾರದ್ದೇ ಆದರೂ ಸೊಟ್ಟ ಬರುತ್ತದೆ.

ಮೊದಲು ಕವರ್ ನೋಡಿ. ಕಾರ್ಡ್ ಮಾಡಿಟ್ಟು ಆಮೇಲೆ ಅದಕ್ಕೆ ಸರಿಹೋಗುವ ಕವರ್ ಹುಡುಕುವುದು ಸುಮ್ನೆ ತಲೆನೋವು. ಸಿ6 ಅಂತ ಬರುವ ಕವರ್ 11.4 x 16.2 ಸೆಂ.ಮೀ. ಇರುತ್ತದೆ. ಎ4 ಹಾಳೆಯನ್ನು ಎರಡು ಭಾಗ ಮಾಡಿ, ಒಂದೊಂದನ್ನೂ ಮಧ್ಯಕ್ಕೆ ಮಡಿಸಿದರೆ ಅದರೊಳಗೆ ಸರಿಯಾಗಿ ಕೂರುವ ಎರಡು ಕಾರ್ಡ್ ಸಿಗುತ್ತವೆ, ಒಂದಿಷ್ಟೂ ವೇಸ್ಟ್ ಇಲ್ಲ. ಕಾಗದ 200ರಿಂದ 250 ಜಿಎಸ್ಎಂ (ಒಂದು ಚದರ ಮೀಟರ್ ಕಾಗದದ ತೂಕ ಎಷ್ಟು ಗ್ರಾಂ ಅನ್ನುವ ಲೆಕ್ಕ) ಇದ್ದರೆ ನೆಟ್ಟಗೆ ನಿಲ್ಲುತ್ತದೆ. ಪ್ರಿಂಟರ್ ಕಾಗದ 70-80 ಜಿಎಸ್ಎಂ ಅಷ್ಟೇ, ಅದು ಕಾರ್ಡಿಗೆ ಆಗುವುದಿಲ್ಲ, ಆದರೆ ಎಸೆಯಬೇಡಿ, ಮುಂದೆ ಬೇಕಾಗುತ್ತದೆ.

ಎರಡು ಭಾಗ ಮಾಡುವಾಗ ಅಡ್ಡಕ್ಕೋ ಉದ್ದಕ್ಕೋ ಅನ್ನುವುದನ್ನು ಕಾಗದವೇ ಹೇಳುತ್ತದೆ. ದಪ್ಪ ಹಾಳೆಯನ್ನು ಗೆರೆ ಬೀಳದಂತೆ ಮೆಲ್ಲಗೆ ಎರಡೂ ಕಡೆ ಬಗ್ಗಿಸಿ ನೋಡಿ. ಒಂದು ಕಡೆ ಸಲೀಸಾಗಿ ಬಾಗುತ್ತದೆ, ಇನ್ನೊಂದು ಕಡೆ ಬಿಗಿ ಅನಿಸುತ್ತದೆ. ಕಾಗದದ ನಾರು ಒಂದೇ ದಿಕ್ಕಿಗೆ ಮಲಗಿರುವುದರಿಂದ ಹೀಗೆ. ಸಲೀಸಾಗಿ ಬಾಗುವ ಕಡೆಗೇ ಮಡಿಕೆ ಬರಬೇಕು, ಇಲ್ಲದಿದ್ದರೆ ಮಡಿಕೆಯ ಉದ್ದಕ್ಕೂ ಮೇಲ್ಮೈ ಒಡೆದು ಬಿಳಿ ಬಿಳಿ ಕಾಣುತ್ತದೆ. ಉದ್ದದ ಎರಡು ಅಂಚು ಹತ್ತಿರ ಬರುವ ಹಾಗೆ ಬಗ್ಗಿಸಿದಾಗ ಸಲೀಸಾದರೆ ಹಾಳೆಯನ್ನು ಅಡ್ಡಕ್ಕೆ ಕತ್ತರಿಸಿ, ಪುಸ್ತಕದ ಹಾಗೆ ತೆರೆಯುವ ಕಾರ್ಡ್ ಆಗುತ್ತದೆ. ಇಲ್ಲವಾದರೆ ಉದ್ದಕ್ಕೆ ಸೀಳಿ, ಆಗ ಮೇಲಕ್ಕೆ ತೆರೆಯುವ ಕಾರ್ಡ್. ಮಡಿಸುವ ಮೊದಲು ಇಂಕು ಮುಗಿದ ಬಾಲ್‌ಪೆನ್ನಿನಿಂದ ಸ್ಕೇಲ್ ಇಟ್ಟು ಒಂದು ಗೀರು ಎಳೆಯಿರಿ. ಗೀರು ಹೊರಗೆ, ಹಿಂದೆ ಎದ್ದ ಉಬ್ಬು ಒಳಗೆ ಬರುವಂತೆ ಮಡಿಸಿ. ಎಷ್ಟೋ ಜನ ಉಲ್ಟಾ ಮಡಿಸುತ್ತಾರೆ.

ಈಗ ಚೂರಿನ ವಿಷಯ. ಆ ಪ್ರಿಂಟರ್ ಕಾಗದ ಒಂದು ಹಾಳೆ ತೆಗೆದುಕೊಳ್ಳಿ, ಒಂದು ಕಡೆ ಪ್ರಿಂಟ್ ಆಗಿದ್ದರೂ ಪರವಾಗಿಲ್ಲ. ಚೂರುಗಳನ್ನು ಒಂದು, ಒಂದೂವರೆ, ಎರಡು ಸೆಂ.ಮೀ. ಅಗಲದ ಪಟ್ಟಿ ಮಾಡಿ. ಉದ್ದ ಹೆಚ್ಚುಕಮ್ಮಿ ಇರಲಿ, ಗಿಡ್ಡ ಇದ್ದರೆ ಎರಡು ಸೇರಿಸಿ. ಹಾಳೆಯ ಮೇಲೆ ಒಂದರ ಪಕ್ಕ ಒಂದು, ಎರಡು ಮಿ.ಮೀ. ಒಂದರ ಮೇಲೊಂದು ಬರುವಂತೆ ಅಂಟಿಸುತ್ತಾ ಹೋಗಿ. ಪಟ್ಟಿಗಳ ತುದಿ ಹೊರಗೆ ಚಾಚಿಕೊಂಡಿದ್ದರೆ ಚಿಂತೆ ಮಾಡಬೇಡಿ. ಪೂರ್ತಿ ತುಂಬಿದ ಮೇಲೆ ಹಾಳೆಯನ್ನು ಮಗುಚಿ ಹಾಕಿ, ಹಿಂಭಾಗದಲ್ಲಿ ಪೆನ್ಸಿಲಿನಿಂದ 9.7 x 14 ಸೆಂ.ಮೀ. ಚೌಕಟ್ಟು ಎಳೆದು, ಸ್ಟೀಲ್ ಸ್ಕೇಲ್ ಮತ್ತು ಕಟರ್ ಇಟ್ಟು ಒಂದೇ ಸಲ ಕತ್ತರಿಸಿ. ತಿರುಗಿಸಿ ನೋಡಿದರೆ ನಾಲ್ಕೂ ಅಂಚು ನೆಟ್ಟಗೆ. ಒಂದು ಎ4 ಹಾಳೆಯಲ್ಲಿ ಇಂಥ ನಾಲ್ಕು ತುಂಡು ಬರುತ್ತವೆ, ಕಾರ್ಡ್ ಮೇಲೆ ಅಂಟಿಸಿದಾಗ ಸುತ್ತ ನಾಲ್ಕು ಮಿ.ಮೀ. ಖಾಲಿ ಅಂಚು ಉಳಿಯುತ್ತದೆ. ಪಟ್ಟಿಗಳು ಓರೆಯಾಗಿ ಬೇಕಾ, ಚೌಕಟ್ಟನ್ನೇ ಓರೆಯಾಗಿ ಎಳೆಯಿರಿ. ಆಗ ತುಂಡು ಕಡಿಮೆ ಸಿಗುತ್ತದೆ, ಆದರೆ ಮೂಲೆಯಲ್ಲಿ ಉಳಿದದ್ದರಿಂದ ಎಲೆ, ಹೃದಯ, ಬಲೂನ್ ಏನು ಬೇಕಾದರೂ ಕತ್ತರಿಸಬಹುದು.

ಗಿಜಿಗಿಜಿ ಅಂದಿರಲ್ಲ, ಅದಕ್ಕೆ ಬಣ್ಣ ಜಾಸ್ತಿ ಆಗಿದ್ದೇ ಕಾರಣ ಅಂತ ನನಗೆ ಅನಿಸುವುದಿಲ್ಲ. ಎಲ್ಲಾ ಪ್ರಿಂಟೂ ಒಂದೇ ಗಾತ್ರ ಇದ್ದರೆ ಕಣ್ಣು ಎಲ್ಲೂ ನಿಲ್ಲುವುದಿಲ್ಲ. ಒಂದು ದೊಡ್ಡ ಹೂವಿನದ್ದು, ಪಕ್ಕ ಸಣ್ಣ ಚುಕ್ಕಿಯದ್ದು, ಮಧ್ಯೆ ಒಂದು ಪ್ಲೇನ್ ಪಟ್ಟಿ ಹೀಗೆ ಬರಲಿ. ಬಣ್ಣ ಆರಿಸುವುದು ಕಷ್ಟ ಅನಿಸಿದರೆ ಬಹಳ ಬಣ್ಣ ಇರುವ ಒಂದು ಚೂರನ್ನು ಮುಂದಿಟ್ಟುಕೊಂಡು, ಅದರಲ್ಲಿ ಇರುವ ಬಣ್ಣಗಳನ್ನೇ ಬೇರೆ ಚೂರುಗಳಲ್ಲಿ ಹುಡುಕಿ. ಅಂಟಿಸುವ ಮೊದಲು ಜೋಡಿಸಿ ಮೊಬೈಲಿನಲ್ಲಿ ಫೋಟೋ ತೆಗೆದು ಕಪ್ಪುಬಿಳುಪು ಮಾಡಿ ನೋಡಿ. ಎಲ್ಲಾ ಒಂದೇ ಬೂದು ಕಂಡರೆ ಒಂದೆರಡು ಕಡೆ ತೀರಾ ತಿಳಿ ಅಥವಾ ತೀರಾ ಗಾಢ ಸೇರಿಸಿ, ತಕ್ಷಣ ಜೀವ ಬರುತ್ತದೆ. ಇಡೀ ಮುಖ ತುಂಬಲೇಬೇಕು ಅಂತಲೂ ಇಲ್ಲ. ಮೂರೂವರೆ ಸೆಂ.ಮೀ. ಅಗಲದ ಒಂದೇ ಪಟ್ಟೆಯನ್ನು ಎಡಗಡೆಗೆ ಅಂಟಿಸಿ ಉಳಿದದ್ದು ಖಾಲಿ ಬಿಟ್ಟ ಕಾರ್ಡ್ ನನಗಂತೂ ಹೆಚ್ಚು ಇಷ್ಟ. ಚೂರೂ ಉಳಿಯುತ್ತದೆ.

ಸುಕ್ಕಿಗೆ ಕಾರಣ ನೀರು. ನೀವು ಬಳಸುತ್ತಿರುವ ಬಿಳಿ ಗೋಂದಿನಲ್ಲಿ ನೀರಿದೆ, ಅದು ಹೀರಿದ ಕಡೆ ನಾರು ಉಬ್ಬುತ್ತದೆ, ಒಣಗಿದಾಗ ಅಲ್ಲೇ ಸೆಟೆದುಕೊಳ್ಳುತ್ತದೆ. ತೆಳು ಕಾಗದಕ್ಕೆ ಗ್ಲೂ ಸ್ಟಿಕ್ ಸಾಕು, ಮಧ್ಯದಿಂದ ಅಂಚಿನ ಕಡೆ ಎಳೆದು ಹಚ್ಚಿ. ಪ್ಲಾಸ್ಟಿಕ್ ಲೇಪ ಇರುವ ಮಿನುಗುವ ಗಿಫ್ಟ್ ಕಾಗದಕ್ಕೆ ಗ್ಲೂ ಹಿಡಿಯುವುದಿಲ್ಲ, ಡಬಲ್ ಸೈಡ್ ಟೇಪೇ ಬೇಕು. ಅಂಟಿಸಿದ್ದನ್ನು ಒಂದು ರಾತ್ರಿ ದಪ್ಪ ಪುಸ್ತಕಗಳ ಕೆಳಗೆ ಇಡಿ. ಆಮೇಲೂ ಕಾರ್ಡಿನ ಮುಖ ಬಿಲ್ಲಿನಂತೆ ಬಗ್ಗಿದರೆ ಅದರ ಒಳಭಾಗಕ್ಕೂ ಒಂದು ತೆಳು ಬಿಳಿ ಕಾಗದ ಅಂಟಿಸಿ. ಎರಡೂ ಕಡೆ ಎಳೆತ ಸಮವಾಗಿ ನೆಟ್ಟಗಾಗುತ್ತದೆ. ಬರೆಯುವ ಬಲಗಡೆ ಪುಟಕ್ಕೂ ಅಂಥದೇ ಒಂದು ಕಾಗದ ಹಾಕುವುದಾದರೆ ಸಂದೇಶವನ್ನು ಅಂಟಿಸುವ ಮೊದಲೇ ಬರೆದುಬಿಡಿ, ಕಾಗುಣಿತ ತಪ್ಪಿದರೆ ಕಾಗದ ಬದಲಿಸಿದರೆ ಆಯಿತು, ಕಾರ್ಡ್ ಹಾಳಾಗುವುದಿಲ್ಲ.

ಹಳೇ ನ್ಯೂಸ್‌ಪೇಪರ್ ಸೇರಿಸಬಹುದಾ ಅಂತ ಕೊನೆಯಲ್ಲಿ ಕೇಳಿದ್ದೀರಿ. ನೋಡಲು ಚೆನ್ನ, ಆದರೆ ಅದರಲ್ಲಿ ಮರದ ಲಿಗ್ನಿನ್ ಅನ್ನುವ ಅಂಶ ಉಳಿದಿರುವುದರಿಂದ ಬೆಳಕಿಗೆ ಹಳದಿ ತಿರುಗುತ್ತದೆ. ಇಟ್ಟುಕೊಳ್ಳುವ ಕಾರ್ಡಿಗೆ ಬೇಡ. ಇನ್ನು ಫೋಮ್ ಟೇಪ್ (ಸ್ಪಂಜಿನಂತೆ ದಪ್ಪಗಿರುವ ಡಬಲ್ ಸೈಡ್ ಟೇಪ್) ಹಾಕಿ ಹೂವು ಎಬ್ಬಿಸುವ ಆಸೆ ಇದ್ದರೆ ಕವರ್ ಒಳಗೆ ಹೋಗುತ್ತದಾ ಅಂತ ಮೊದಲು ನೋಡಿ, ಅಂಚೆಯಲ್ಲಿ ಹೋಗುವ ಕಾರ್ಡಿನಲ್ಲಿ ಅದು ಚಪ್ಪಟೆಯಾಗುವುದೇ ಜಾಸ್ತಿ, ಕೈಯಲ್ಲೇ ಕೊಡುವುದಾದರೆ ಧಾರಾಳವಾಗಿ ಹಾಕಿ.