ಟಿವಿ ತೆಗೆದುಹಾಕಬೇಡ, ತಂಗಿ

ನನ್ನನ್ನು ಅಕ್ಕ ಅಂತ ಕರೆದಿದ್ದೀಯ, ಹಾಗಾಗಿ ನಾನೂ ತಂಗಿ ಅಂತಲೇ ಬರೆಯುತ್ತೇನೆ. ಮುಧೋಳದಿಂದ ಇಂಗ್ಲೆಂಡಿಗೆ ಬಂದು ಮೂರು ತಿಂಗಳಾಯಿತು, ಮಕ್ಕಳಿಗೆ ಆರು ಮತ್ತು ಹತ್ತು ವರ್ಷ, ಮನೆಯಲ್ಲಿ ದಿನಾ ಲಿಂಗಪೂಜೆ ನಡೆಯುತ್ತದೆ, ಇಲ್ಲಿನ ಟಿವಿ, ಟ್ಯಾಬ್, ಗೆಳೆಯರ ಮನೆ ಎಲ್ಲ ನೋಡಿ ಹೆದರಿಕೆ ಆಗುತ್ತಿದೆ, ಟಿವಿಯನ್ನೇ ತೆಗೆದುಹಾಕಲಾ ಅಂತ ಕೇಳಿದ್ದೀಯ. ನಾನು ಜಮಖಂಡಿಯವಳು. ಇಂಗ್ಲೆಂಡಿನ ರೆಡಿಂಗ್ ಊರಿಗೆ ಬಂದು 14 ವರ್ಷವಾಯಿತು. ಮಗಳಿಗೆ ಹದಿಮೂರು, ಮಗನಿಗೆ ಒಂಬತ್ತು. ಬಂದ ಹೊಸತರಲ್ಲಿ ನನಗೂ ಇದೇ ಹೆದರಿಕೆ ಇತ್ತು.

ಆದರೆ ನನ್ನ ಮಗ ನೋಡಬಾರದ್ದನ್ನು ನೋಡಿದ್ದು ಇಂಗ್ಲೆಂಡಿನಲ್ಲಲ್ಲ. ಜಮಖಂಡಿಯಲ್ಲಿ, ನಮ್ಮದೇ ಮನೆಯ ಕಟ್ಟೆಯ ಮೇಲೆ.

ಆಗ ಅವನಿಗೆ ಆರು ವರ್ಷ. ಇಲ್ಲಿನ ಶಾಲೆಗೆ ಆಗಸ್ಟ್‌ನಲ್ಲಿ ರಜೆ, ಊರಲ್ಲಿ ಶ್ರಾವಣ. ಸಂಜೆ ದೊಡ್ಡವರೆಲ್ಲ ಮಠಕ್ಕೆ ಪುರಾಣ ಕೇಳಲು ಹೋಗಿದ್ದೆವು. ಹುಡುಗರು ಒಂದು ಮೊಬೈಲ್ ಸುತ್ತ ತಲೆ ಕೂಡಿಸಿ ಕೂತಿದ್ದರು. ರೆಡಿಂಗ್‌ಗೆ ವಾಪಸ್ ಬಂದ ಮೇಲೆ ಮಗ ಒಬ್ಬನೇ ಮೆಟ್ಟಿಲು ಹತ್ತುತ್ತಿರಲಿಲ್ಲ. ರಾತ್ರಿ ಬಚ್ಚಲಿನ ದೀಪ ಆರಿಸಿದರೆ ಅಳುತ್ತಿದ್ದ. ಹವೆ ಬದಲಾಗಿದೆ ಅಂದುಕೊಂಡು ವಿಭೂತಿ ಹಚ್ಚಿ ಮಲಗಿಸಿದೆ. ಎರಡು ವಾರ ಆದಮೇಲೆ ಮಗಳು ಬಾಯಿಬಿಟ್ಟಳು. ಯಾರನ್ನೋ ಮಚ್ಚಿನಿಂದ ಕಡಿಯುವ ವಿಡಿಯೊ ಅಂತೆ.

"ಯಾಕಪ್ಪಾ ನನಗೆ ಹೇಳಲಿಲ್ಲ?" ಅಂತ ಕೇಳಿದೆ. "ನೋಡಬಾರದು ಅಂತ ನೀನೇ ಹೇಳಿದ್ದೆ ಅವ್ವಾ. ನಾನು ನೋಡಿಬಿಟ್ಟಿದ್ದೆನಲ್ಲ" ಅಂದ.

ಅವತ್ತು ನನಗೆ ಊಟ ಸೇರಲಿಲ್ಲ. ಎರಡು ವಾರ ಆ ಕೂಸು ಭಯವನ್ನೂ ತಪ್ಪು ಮಾಡಿದೆನೆಂಬ ಸಂಕಟವನ್ನೂ ಒಬ್ಬನೇ ಹೊತ್ತುಕೊಂಡಿತ್ತು. ನೋಡಬೇಡ, ಮುಟ್ಟಬೇಡ ಅಂತಷ್ಟೇ ಹೇಳಿ, ನೋಡಿಬಿಟ್ಟರೆ ಏನು ಮಾಡಬೇಕು ಅಂತ ನಾನು ಹೇಳಿಯೇ ಇರಲಿಲ್ಲ. ಆಮೇಲೆ ದೇವರ ಜಗಲಿಯ ಮುಂದೆ ಇಬ್ಬರನ್ನೂ ಕೂರಿಸಿಕೊಂಡು ಮಾತು ಕೊಟ್ಟೆ: ಏನೇ ನೋಡಿದರೂ ಬಂದು ಹೇಳಿ, ಬೈಯುವುದಿಲ್ಲ, ಫೋನ್ ಕಸಿದುಕೊಳ್ಳುವುದೂ ಇಲ್ಲ. ಆ ಮಾತು ಉಳಿಸಿಕೊಳ್ಳುವುದು ಸುಲಭವಲ್ಲ. ಹೋದ ವರ್ಷ ಮಗಳು ಗೆಳತಿಯ ಮನೆಯಲ್ಲಿ ರಾತ್ರಿ ಉಳಿದು ಬಂದಳು. ರೊಟ್ಟಿ ಮುರಿಯುತ್ತಾ, "ಅವ್ವಾ, ಅವರು 15ರ ಸಿನಿಮಾ ಹಾಕಿದ್ದರು. ಅರ್ಧ ನೋಡಿ, ನಿದ್ದೆ ಬರುತ್ತಿದೆ ಅಂತ ಎದ್ದು ಹೋದೆ" ಅಂದಳು. ಹದಿನೈದು ತುಂಬಿದವರಿಗಷ್ಟೇ ಇರುವ ಸಿನಿಮಾ ಅದು. ನನ್ನ ಕೈ ತಟ್ಟೆಯಲ್ಲೇ ನಿಂತಿತು. ಅರ್ಧ ಯಾಕೆ ನೋಡಿದೆ ಅನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡು, ಎದ್ದು ಬಂದಿದ್ದು ಒಳ್ಳೆಯದಾಯಿತು, ಅದರಲ್ಲಿ ಏನು ಹಿಡಿಸಲಿಲ್ಲ ಅಂತ ಕೇಳಿದೆ. ಒಂದು ತಾಸು ಮಾತಾಡಿದಳು.

ಇಲ್ಲಿನ ನಿಯಮಗಳು ನಿನಗೆ ಆಸರೆಯಾಗುತ್ತವೆ, ತಿಳಿದುಕೊಂಡಿರು. ಸಿನಿಮಾಗೆ ಯು (ಎಲ್ಲರಿಗೂ), ಪಿಜಿ (ಹೆತ್ತವರು ಯೋಚಿಸಿ ತೋರಿಸುವಂಥದ್ದು), 12ಎ, 15, 18 ಅಂತ ಗುರುತು ಇರುತ್ತದೆ. 12ಎ ಅಂದರೆ ಹನ್ನೆರಡರ ಒಳಗಿನವರು ದೊಡ್ಡವರ ಜೊತೆ ಹೋಗಬೇಕು. 15ರದ್ದಕ್ಕೆ ಚಿಕ್ಕವರನ್ನು ನೀನೇ ಕರೆದುಕೊಂಡು ಹೋದರೂ ಥಿಯೇಟರಿನೊಳಗೆ ಬಿಡುವುದಿಲ್ಲ. ಯಾಕೆ ಆ ಗುರುತು ಕೊಟ್ಟರು ಅಂತ, ಅದನ್ನು ಕೊಡುವ ಬಿಬಿಎಫ್‌ಸಿ ಸಂಸ್ಥೆಯ ಜಾಲತಾಣದಲ್ಲಿ ಬರೆದಿರುತ್ತಾರೆ, ಮಗಳ ಜೊತೆ ಕೂತು ಓದು. ಮಾಮೂಲಿ ಟಿವಿ ಚಾನೆಲ್‌ಗಳಲ್ಲಿ ದೊಡ್ಡವರ ಕಾರ್ಯಕ್ರಮ ರಾತ್ರಿ ಒಂಬತ್ತಕ್ಕೆ ಮುಂಚೆ ಹಾಕುವಂತಿಲ್ಲ. ಚಿಕ್ಕವನಿಗೆ ಬಿಬಿಸಿಯ ಪುಟ್ಟ ಮಕ್ಕಳ ಚಾನೆಲ್ ಸಿಬೀಬೀಸ್ ಹಾಕಿಕೊಡು, ಜಾಹೀರಾತೇ ಇಲ್ಲ. ನಮ್ಮ ದೇಶದಲ್ಲೂ 2024ರಿಂದ ಯುಎ ಸಿನಿಮಾಗಳಿಗೆ 7+, 13+, 16+ ಅಂತ ಬೇರೆ ಬೇರೆ ಗುರುತು ಬಂದಿದೆ, ಊರಿಗೆ ಹೋದಾಗ ನೋಡು. ಗೆಳೆಯರ ಮನೆಗೆ ಕಳಿಸುವ ಮುಂಚೆ ಏನು ಹಾಕುತ್ತೀರಿ ಅಂತ ಫೋನ್ ಮಾಡಿ ಕೇಳಲು ಸಂಕೋಚ ಬೇಡ. ನನಗೆ ಇಲ್ಲಿವರೆಗೆ ಯಾರೂ ಬೇಜಾರು ಮಾಡಿಕೊಂಡಿಲ್ಲ.

ಆದರೆ ಗುರುತು ನೋಡಿ ಆರಿಸುವುದು ಬೇರೆ, ಮಕ್ಕಳು ತಾವಾಗಿಯೇ ಬೇಡ ಅನ್ನುವುದು ಬೇರೆ. ಅದನ್ನು ಕಲಿಸಿದ್ದು ನಮ್ಮ ಮಾವನವರು. ಅವರು ಇಲ್ಲಿಗೆ ಬಂದಿದ್ದಾಗ ಬೆಳಿಗ್ಗೆ ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ರೆಪ್ಪೆ ಬಡಿಯದೆ ನೋಡುತ್ತಾ ಕೂರುತ್ತಿದ್ದರು. ಮಗಳು ಒಂದಿನ, "ಮುತ್ಯಾ, ಫೋನೂ ಅಂಗೈಯಲ್ಲೇ ಇಟ್ಟುಕೊಂಡು ಹೀಗೇ ನೋಡ್ತೀವಲ್ವಾ" ಅಂದಳು. ಅವರು ಬೈಯಲಿಲ್ಲ. "ಹಂಗಾರ ಎರಡೂ ನೋಡು ತಾಯಿ. ಎದ್ದ ಮೇಲೆ ಮನಸ್ಸು ಹೆಂಗ ಐತಿ ಹೇಳು" ಅಂದರು. ಒಂದು ವಾರ ಆಕೆ ನಿಜವಾಗಿಯೂ ಹಾಗೆ ಮಾಡಿದಳು. ಅರ್ಧ ಗಂಟೆ ಫೋನಿನಲ್ಲಿ ಶಾರ್ಟ್ಸ್ ಅನ್ನುವ ಚಿಕ್ಕ ಚಿಕ್ಕ ವಿಡಿಯೊ ನೋಡಿ ಎದ್ದರೆ ತಮ್ಮನ ಮೇಲೆ ಸುಮ್ನೆ ಸಿಟ್ಟು ಬರುತ್ತದೆ ಅಂತ ಅವಳೇ ಕಂಡುಕೊಂಡಳು. ಈಗಲೂ ನೋಡುತ್ತಾಳೆ, ಇಲ್ಲ ಅನ್ನುವುದಿಲ್ಲ. ಆದರೆ ತಾನೇ ಮುಚ್ಚಿಡುತ್ತಾಳೆ.

ಇನ್ನೊಂದು ವಿಷಯ. ಕನ್ನಡದ್ದು ಅಂದ ಮಾತ್ರಕ್ಕೆ ಎಲ್ಲ ಒಳ್ಳೆಯದಲ್ಲ. ಭಾಷೆ ಉಳಿಯಲಿ ಅಂತ ಸಂಜೆ ನಾನು ಧಾರಾವಾಹಿ ಹಾಕುತ್ತಿದ್ದೆ. ಅತ್ತೆ ಸೊಸೆಗೆ ವಿಷ ಹಾಕುವುದು, ಒಬ್ಬರ ಮನೆ ಇನ್ನೊಬ್ಬರು ಒಡೆಯುವುದು. ಹಣೆಯ ಮೇಲೆ ವಿಭೂತಿ ಇಟ್ಟುಕೊಂಡು ಅದನ್ನು ಬಿಡದೆ ನೋಡುವವಳು ಮಕ್ಕಳಿಗೆ ಏನಂತ ಹೇಳಲಿ? ಬಿಟ್ಟೆ. ಈಗ ಭಾನುವಾರ ವಿಜಯಪುರದ ಸಿದ್ಧೇಶ್ವರ ಸ್ವಾಮೀಜಿಯವರ ಹಳೆಯ ಪ್ರವಚನದ ವಿಡಿಯೊ ಹಾಕಿ ಹತ್ತು ನಿಮಿಷ ಕೇಳುತ್ತೇವೆ. ಮಗನಿಗೆ ಅರ್ಧ ಅರ್ಥವಾಗುವುದಿಲ್ಲ, ಅವರ ಅಂಗಿಗೆ ಜೇಬು ಯಾಕಿಲ್ಲ ಅಂತ ಕೇಳುತ್ತಾನೆ. ಆ ಪ್ರಶ್ನೆಗೆ ಉತ್ತರ ಹೇಳುವುದರಲ್ಲೇ ಸಂಜೆ ಕಳೆಯುತ್ತದೆ.

ಹಾಗಾಗಿ ಟಿವಿ ಇರಲಿ, ಎಲ್ಲರೂ ಓಡಾಡುವ ಕೋಣೆಯಲ್ಲಿ ಇರಲಿ. ಟ್ಯಾಬ್ ರಾತ್ರಿ ಮಲಗುವ ಕೋಣೆಗೆ ಬೇಡ.

ಊರಿಗೆ ಹೋಗುವ ಮುಂಚೆ ಅಲ್ಲಿಯವರ ಹತ್ತಿರವೂ ಮಾತಾಡು. ನಾನು ಹೋದ ಆಗಸ್ಟ್‌ನಲ್ಲಿ ಹೆದರುತ್ತಲೇ ವೈನಿಗೆ, ಅಂದರೆ ಅಣ್ಣನ ಹೆಂಡತಿಗೆ, ಫೋನ್ ಮಾಡಿ ಎಲ್ಲ ಹೇಳಿದೆ. ಫಾರಿನ್‌ಗೆ ಹೋಗಿ ನಮಗೇ ಬುದ್ಧಿ ಹೇಳುತ್ತಾಳೆ ಅಂದುಕೊಂಡಾರು ಅಂತ ಅಳುಕಿತ್ತು. ವೈನಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಸಣ್ಣವನೂ ರಾತ್ರಿ ಬೆಚ್ಚಿ ಏಳ್ತಾನ. ಯಾಕಂತ ಗೊತ್ತ ಇರಲಿಲ್ಲ ನೋಡು" ಅಂದರು. ನಾವು ಹೋದಾಗ ಪಡಸಾಲೆಯ ಗೂಡಿನಲ್ಲಿ ಒಂದು ರೊಟ್ಟಿ ಬುಟ್ಟಿ ಇಟ್ಟಿದ್ದರು. ದೊಡ್ಡವರು ಪುರಾಣಕ್ಕೆ ಹೊರಡುವಾಗ ಎಲ್ಲರ ಮೊಬೈಲ್ ಅದರಲ್ಲಿ, ಅಣ್ಣನದೂ ಸೇರಿ.